ಬಂದೂಕಿನ ಕಿವಿ

ಮಾರ್ಚ್ 22, 2024, ಶುಕ್ರವಾರ

ರಂಜಾನಿನ ರೋಜಾ ಹಿಡಿದವರು ಸಿರುಗುಪ್ಪದ ಬಸ್ಸು ಹತ್ತಬಾರದು. ತೆಕ್ಕಲಕೋಟೆ ದಾಟುವಷ್ಟರಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಪಕ್ಕದಲ್ಲಿ ಕೂತ ಹೆಣ್ಣುಮಗಳು ಕಲ್ಲಂಗಡಿ ಹೋಳು ಮುಂದೆ ಹಿಡಿದು ತಿನ್ನಿರಿ ಎಂದು ಒತ್ತಾಯ ಬೇರೆ ಮಾಡಿದಳು. ರೋಜಾ ಎಂದ ಮೇಲೆ ತಾನೂ ತಿನ್ನದೆ ಚೀಲಕ್ಕೆ ಹಾಕಿಕೊಂಡಳು. ಸುಮ್ಮನೆ ತಗೊಂಡು ಮನೆಗೆ ತರಬಹುದಿತ್ತು. ನನಗೆ ಬುದ್ಧಿ ಯಾವಾಗಲೂ ಇಳಿದ ಮೇಲೆ ಬರುತ್ತದೆ.

ಹೋದದ್ದು ಪಿಎಸ್‌ಐ ಗವಿಸಿದ್ದೇಶ್ ಕರೆದರೆಂದು. ಚುನಾವಣೆ ಬಂತು, ಲೈಸೆನ್ಸ್ ಇದ್ದವರೆಲ್ಲ ಬಂದೂಕು ತಂದು ಠಾಣೆಗೆ ಒಪ್ಪಿಸಬೇಕು. ಹಾಗೆ ಒಪ್ಪಿಸಲು ಹೊರಗೆ ತೆಗೆದ ರೈಫಲ್ಲೊಂದು ಕೆಂಚನಗುಡ್ಡದಲ್ಲಿ ಮನೆಯ ಕಟ್ಟೆಯ ಮೇಲೇ ಹಾರಿದೆ. ಬಂದೂಕಿನ ಧಣಿ ಚಂದ್ರಣ್ಣ ಎಂಬ ಭತ್ತದ ಗದ್ದೆಯವರು. ಅವರ ಅಜ್ಜ ಬೇಟೆಗೆ ಇಟ್ಟುಕೊಂಡಿದ್ದ, ಹಿಂದಿನ ಅಗುಳಿ ಎಳೆದು ಗುಂಡು ತುಂಬುವ ಬೋಲ್ಟಿನ ರೈಫಲ್ ಅದು. ಗುಂಡು ಹೋಗಿ ಹೊಕ್ಕಿದ್ದು ಅವರ ತಮ್ಮನ ಮಗ ವೀರೇಶನ ಮೊಣಕಾಲಿಗೆ. ಆಗ ಬಂದೂಕು ಇದ್ದದ್ದು ಅವರ ಕಾವಲುಗಾರನ ಕೈಯಲ್ಲಿ. ಕುರುಗೋಡಿನವನಂತೆ. ಹಿಂದಿನ ವಾರವಷ್ಟೇ ವೀರೇಶ ಅವನನ್ನು ನಾಲ್ಕು ಜನರ ಮುಂದೆ ಬೈದಿದ್ದ, ಹಾಗಾಗಿ ಕೊಲೆ ಯತ್ನದ ಕೇಸು. ಆ ಮನುಷ್ಯ ಮಾತ್ರ ಟ್ರಿಗರ್ ಮುಟ್ಟಿಲ್ಲ, ಸೇಫ್ಟಿ ತಿರುಗಿಸಿದೆ ಅಷ್ಟೇ, ತಾನೇ ಹಾರಿತು ಎನ್ನುತ್ತಾನಂತೆ. ಹಾರಿಸಿದವರೆಲ್ಲ ಹೇಳುವ ಮಾತೇ ಅದು. ಈ ಕಸುಬಿನಲ್ಲಿ ತಾನೇ ಹಾರಿದ ಬಂದೂಕನ್ನು ನಾನಿನ್ನೂ ಕಂಡಿಲ್ಲ.

ರೈಫಲ್ಲು ಬೆಂಗಳೂರಿನ ಲ್ಯಾಬಿಗೆ ಹೋಗಿ ಬರಲು ತಿಂಗಳುಗಟ್ಟಲೆ ಬೇಕು. ಅಲ್ಲಿಯತನಕ ಲೈಸೆನ್ಸ್ ಇರುವ ರಿಪೇರಿಯವರದೊಂದು ಅಭಿಪ್ರಾಯ ಬೇಕಿತ್ತು. ಬಳ್ಳಾರಿಯಲ್ಲಿ ಆ ಲೈಸೆನ್ಸ್ ನನ್ನ ಹೆಸರಿನಲ್ಲಿದೆ. ಅಂಗಡಿಯ ಬೋರ್ಡಿನಲ್ಲಿ ಮಾತ್ರ ಇವತ್ತಿಗೂ 'ನನ್ನೇಸಾಬ್ ಅಂಡ್ ಸನ್'. ನನ್ನೇಸಾಬ್ ನಮ್ಮ ಅಬ್ಬಾ, ಸನ್ ಎಂಬುವನು ನನ್ನ ತಮ್ಮ ಖಲಂದರ್, ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ತಣ್ಣಗಿನ ಕೋಣೆಯಲ್ಲಿ ಕೂತು ಮೀಟರ್ ನೋಡುತ್ತಾನೆ. ಅರ ಹಿಡಿದು ಕಬ್ಬಿಣ ತಿಕ್ಕುವುದು ಅಕ್ಕ.

ನಮ್ಮ ಅಂಗಡಿಯಲ್ಲಿ ಸೇಫ್ಟಿಗೆ ಕಿವಿ ಎನ್ನುತ್ತೇವೆ. ಬೋಲ್ಟಿನ ಹಿಂದೆ ಎದ್ದು ನಿಲ್ಲುವ ಚಿಕ್ಕ ರೆಕ್ಕೆ ಅದು. ಬಲಕ್ಕೆ ಹೊರಳಿಸಿದರೆ ಬಂದೂಕು ಮಲಗಿತು, ಟ್ರಿಗರ್ ಎಳೆದರೂ ಏಳುವುದಿಲ್ಲ. ಎಡಕ್ಕೆ ಹೊರಳಿಸಿದರೆ ಎದ್ದಿತು. ಅಸಲಿ ಕಿವಿ ನಡುವೆ ನೆಟ್ಟಗೂ ನಿಲ್ಲುತ್ತದೆ, ಹಾಗೆ ನಿಲ್ಲಿಸಿ ಬಂದೂಕನ್ನು ಎಬ್ಬಿಸದೆಯೇ ಬೋಲ್ಟ್ ತೆಗೆದು ಗುಂಡು ಹೊರಗೆ ಹಾಕಬಹುದು. ಇದರ ಕಿವಿ ನಡುವೆ ನಿಲ್ಲಲಿಲ್ಲ. ಬೋಲ್ಟಿನ ಮೇಲೆಲ್ಲ ನಂಬರ್ ಇದೆ, ಕಿವಿಯ ಮೇಲೆ ಇಲ್ಲ. ಬಣ್ಣವೂ ಬೇರೆ. ಉಳಿದ ಕಬ್ಬಿಣ ಮಸಿನೀಲಿ, ಕಿವಿ ಮಾತ್ರ ಕಂದು. ಭೂತಗನ್ನಡಿ ತೆಗೆಯುವ ಮೊದಲೇ ಹೇಳಿಬಿಟ್ಟೆ, ಇದು ಬದಲಿ ಭಾಗ ಎಂದು. ಗವಿಸಿದ್ದೇಶ್ ಹುಬ್ಬೇರಿಸಿದರು. ನನಗೂ ಖುಷಿಯಾಯಿತು, ಸುಳ್ಳೇಕೆ.

ಬದಲಿಯಾದರೂ ಕೆಲಸ ಸರಿ ಇತ್ತು. ಖಾಲಿ ಬಂದೂಕಿನ ಬೋಲ್ಟ್ ಮುಚ್ಚಿ, ಮಲಗಿಸಿ, ಟ್ರಿಗರನ್ನು ಮೂರು ಸಲ ಜಗ್ಗಿದೆ. ಅಲುಗಲಿಲ್ಲ. ಮಲಗಿದ್ದ ಹಾಗೆಯೇ ವಾಪಸ್ ಕೊಟ್ಟು ಬಂದೆ. ಅಬ್ಬಾ ಕಲಿಸಿದ ಪದ್ಧತಿ ಅದು. ಒಮ್ಮೆ ಮಲಗಿಸಿದ ಬಂದೂಕನ್ನು ನಾವು ಎಬ್ಬಿಸಬಾರದು, ಧಣಿಯೇ ಒಯ್ದು ಎಬ್ಬಿಸಿಕೊಳ್ಳಬೇಕು. ಮಲಗಿದ ಕೂಸನ್ನು ತಾಯಿಗೆ ಕೊಟ್ಟ ಹಾಗೆ ಕೊಡಬೇಕು ಎನ್ನುತ್ತಿದ್ದರು.

ಯಾರು ಮಾಡಿದ ಕಿವಿ ಇದು ಎಂದು ಕೇಳಿದರು ಗವಿಸಿದ್ದೇಶ್. ಹೇಳುವುದು ಕಷ್ಟ ಎಂದೆ.

ಮಾರ್ಚ್ 24, ಭಾನುವಾರ

ಕಿವಿಯ ಮೇಲೆ ಬೆರಳು ಜಾರಬಾರದೆಂದು ಹಾಕುವ ಗೀರುಗಳಿರುತ್ತವೆ. ಕಾರ್ಖಾನೆಯವು ನೆಟ್ಟಗೆ ಇರುತ್ತವೆ. ಆ ರೈಫಲ್ಲಿನವು ಸ್ವಲ್ಪ ಎಡಕ್ಕೆ ವಾಲಿದ್ದವು. ಅವತ್ತು ನೋಡಿದ್ದೆ. ನೋಡಿಯೂ ಅದರ ಬಗ್ಗೆ ಏನೂ ಅಂದುಕೊಂಡಿರಲಿಲ್ಲ. ಈಗ ಎರಡು ದಿನದಿಂದ ಹಲ್ಲಿನ ಸಂದಿಯ ನಾರಿನ ಹಾಗೆ ಕಾಡುತ್ತಿದೆ.

ಅಡುಗೆಮನೆಯ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅಂಗಡಿಯಿಂದ ಮನೆಗೆ ವಾಪಸ್ ಬಂದೆ. ಮಾಡಿದ್ದೆ.

ಮಾರ್ಚ್ 26, ಮಂಗಳವಾರ

ಇಫ್ತಾರ್ ಆದ ಮೇಲೆ ಅಮ್ಮೀ ಅಡಿಕೆ ಕತ್ತರಿಸುತ್ತ ಕೂತಿದ್ದರು. ಅಮ್ಮೀ ಅಂದರೆ ಮಾಸುಮಾಬಿ, ಈ ಓಣಿಯ ಪೊಲೀಸು, ವಕೀಲ, ಜಡ್ಜು ಎಲ್ಲ ಅವರೇ. ಅಡಕೊತ್ತು ಅವರ ಮದುವೆಯಾದ ಹೊಸದರಲ್ಲಿ ಅಬ್ಬಾ ಮಾಡಿಕೊಟ್ಟದ್ದು. ಹಿಡಿಯ ಮೇಲೆ ಗೀರುಗಳಿವೆ. ಹುಟ್ಟಿದಾಗಿನಿಂದ ನೋಡಿದ್ದೇನೆ, ಇವತ್ತೇ ಕಂಡದ್ದು. ಅಬ್ಬಾ ಎಡಚರು. ಅರ ಎಡಗೈಯಲ್ಲಿ ಹಿಡಿದು ಎಳೆದರೆ ಗೀರು ಹಾಗೇ ವಾಲುತ್ತದೆ.

ಕೆಂಚನಗುಡ್ಡದ ರೈಫಲ್ಲಿನ ಕಿವಿಯ ಗೀರೂ ಹಾಗೇ ವಾಲಿತ್ತು. 

ಆ ಕಾಲದಲ್ಲಿ ಹಳೇ ರೈಫಲ್ಲುಗಳಿಗೆ ಸಾಮಾನು ಎಲ್ಲಿ ಸಿಗುತ್ತಿತ್ತು? ಕಿವಿ ಮುರಿದರೆ, ಕಳೆದರೆ, ಹತ್ತಿರದ ಊರುಗಳವರೆಲ್ಲ ನನ್ನೇಸಾಬನ ಹತ್ತಿರ ಬರುತ್ತಿದ್ದರು. ಅಬ್ಬಾ ಕಬ್ಬಿಣದ ತುಂಡಿನಿಂದ ಕಿವಿ ಕಡೆದು ಕೊಡುತ್ತಿದ್ದರು. ಇದನ್ನು ಹೆಮ್ಮೆಯಿಂದ ನಾನೇ ಎಷ್ಟು ಜನಕ್ಕೆ ಹೇಳಿದ್ದೇನೆ.

ಸಿರುಗುಪ್ಪದಾಗ ಯಾವ ಬಂದೂಕು ನೋಡಿದಿ ಎಂದು ಅಬ್ಬಾ ಇವತ್ತೂ ಕೇಳಿದರು. ಕಣ್ಣಿಗೆ ಮಂಜು ಬಂದಮೇಲೆ ಅವರಿಗೆ ನಾನು ಹೇಳುವುದೇ ಅಂಗಡಿ. ಮಾಮೂಲಿ ಒಂದು ನಾಡಬಂದೂಕು ಎಂದೆ. ರಂಜಾನ್ ತಿಂಗಳು, ಉಪವಾಸ ಬಿಟ್ಟ ಬಾಯಿ, ಅದರಲ್ಲಿ ಸುಳ್ಳು.

ಮಾರ್ಚ್ 28, ಗುರುವಾರ

ಬರೆದು ಕೊಟ್ಟುಬಿಟ್ಟೆ.

ಠಾಣೆಯ ಪೇದೆ ಅಂಗಡಿಗೇ ಬಂದಿದ್ದ. ಕಾವಲುಗಾರನ ಬೇಲಿನ ವಿಚಾರಣೆ ಹತ್ತಿರ ಇದೆ, ಅಭಿಪ್ರಾಯ ಕಾಗದದ ಮೇಲೆ ಬೇಕು ಎಂದ. ಸೇಫ್ಟಿ ಬದಲಿ ಭಾಗ, ಪರೀಕ್ಷಿಸಿದಾಗ ಸರಿಯಾಗಿ ಕೆಲಸ ಮಾಡಿತು ಎಂದು ಬರೆದು ಸಹಿ ಹಾಕಿದೆ. ಒಂದು ಅಕ್ಷರವೂ ಸುಳ್ಳಿಲ್ಲ. ಯಾರು ಮಾಡಿದ್ದು ಎಂಬುದನ್ನು ಬರೆಯಲಿಲ್ಲ, ಕಾಗದದಲ್ಲಿ ಅದನ್ನು ಕೇಳಿರಲೂ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಕಿವಿ ಸರಿಯಾಗೇ ಇದೆಯಲ್ಲ, ಮತ್ತೆ ಅದು ಅಬ್ಬಾ ಮಾಡಿದ್ದಾದರೆ ಹೆದರಿಕೆ ಯಾತಕ್ಕೆ? ಇದನ್ನು ನನಗೆ ನಾನೇ ಬೆಳಿಗ್ಗೆಯಿಂದ ಹೇಳಿಕೊಳ್ಳುತ್ತಿದ್ದೇನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಹೆಗಲು ಸವೆದುಹೋಗುತ್ತಿದೆ.

ಅಂಗಡಿಯ ಬೀಗ ಎಳೆದು ನೋಡಿದೆ. ದರ್ಗಾದ ತಿರುವಿನತನಕ ಹೋಗಿ ವಾಪಸ್ ಬಂದು ಮತ್ತೆ ಎಳೆದೆ. ಎದುರಿನ ಚಹಾದಂಗಡಿಯವನು ನಕ್ಕ.

ಏಪ್ರಿಲ್ 1, ಸೋಮವಾರ

ಇವತ್ತು ಒಬ್ಬಳು ಬಂದಿದ್ದಳು. ಮೂವತ್ತು ದಾಟಿರಬಹುದು, ಹೆಸರು ಸುನಂದಾ. ಕುರುಗೋಡಿನಲ್ಲಿ ಸಾಲಿಯ ಬಿಸಿಯೂಟ ಬೇಯಿಸುತ್ತಾಳೆ. ಜೈಲಿನಲ್ಲಿರುವ ಕಾವಲುಗಾರ ದುರುಗಣ್ಣನ ಮಗಳು. ಜಗಳಕ್ಕೆ ಬಂದಳೆಂದುಕೊಂಡು ನಾನೇ ಮೊದಲು ದನಿ ಏರಿಸಿದೆ. ಅವಳು ಜಗಳ ಆಡಲಿಲ್ಲ. ಬೇಲು ಸಿಗಲಿಲ್ಲ, ನಿಮ್ಮ ಕಾಗದ ಓದಿದರು ಎಂದಷ್ಟೇ ಹೇಳಿ, ಅಪ್ಪನನ್ನು ನೋಡಿ ಬರುವಾಗ ಬೋರ್ಡು ಹುಡುಕಿಕೊಂಡು ಬಂದೆ ಎಂದಳು.

ಕೂರಲು ಸ್ಟೂಲು ಕೊಟ್ಟೆ. ನಿಮ್ಮಪ್ಪ ಒಳ್ಳೆಯವನಿರಬಹುದು, ಬಂದೂಕು ಸುಳ್ಳು ಹೇಳುವುದಿಲ್ಲ ಎಂದೆ. ಬಹಳ ಜಾಣತನದ ಮಾತು ಆಡಿದೆನೆಂದುಕೊಂಡಿದ್ದೆ.

"ನಮ್ಮಪ್ಪ ಸುಳ್ಳು ಹೇಳಾಂಗಿಲ್ಲ ಅಂತ ಹೇಳಾಕ ನಾ ಬಂದಿಲ್ರಿ ಅಕ್ಕಾರ," ಎಂದಳು. "ಹೇಳ್ತಾನ. ಕುಡಿದಿಲ್ಲ ಅಂತಾನ, ಕುಡದಿರ್ತಾನ. ಸಾಲಿ ಕಲತೀನಿ ಅಂತಾನ, ಕಲತಿಲ್ಲ. ಆದ್ರ ಈ ಮಾತು ಸುಳ್ಳಲ್ರಿ."

ಮತ್ತೆ ನಡೆದದ್ದನ್ನು ಹೇಳಿದಳು. ಚಂದ್ರಣ್ಣ ರೈಫಲ್ಲನ್ನು ಒಳಗಿನಿಂದ ತಂದು ಕಟ್ಟೆಯ ಮೇಲೆ ಇಟ್ಟರು. ಒಳಗೆ ಗುಂಡು ಉಳಿದದ್ದು ಯಾರಿಗೂ ಗೊತ್ತಿರಲಿಲ್ಲ. ವೀರೇಶ ಅದನ್ನೆತ್ತಿಕೊಂಡು, ಕಿವಿ ಬಲಕ್ಕೆ ಇದೆಯಲ್ಲ, ಮಲಗೇತಿ ನೋಡ್ರಿ ಎಂದು ತಮಾಷೆಗೆ ಟ್ರಿಗರ್ ಜಗ್ಗಿದ. ಏನೂ ಆಗಲಿಲ್ಲ, ಎಲ್ಲರೂ ನಕ್ಕರು. ಬಳಿಕ ಅವಳಪ್ಪನ ಕೈಗೆ ಕೊಟ್ಟು, ಖಾಲಿ ಐತೇನು ನೋಡು ಎಂದ. ಬೋಲ್ಟ್ ತೆಗೆದು ನೋಡಬೇಕಾದರೆ ಕಿವಿ ತಿರುಗಿಸಲೇಬೇಕು. ಅವಳಪ್ಪ ತಿರುಗಿಸಿದ.

"ಟ್ರಿಗರ್ ಮ್ಯಾಲ ಬಟ್ಟು ಇರಲಿಲ್ಲಂತ್ರಿ. ಕಿವಿ ಹೊಳ್ಳಿಸಿದೆ, ಅದು ಎದ್ದ್ ಕುಂತಬಿಡ್ತು ಅಂತಾನ."

ನಾನು ಅವಳಿಗೆ ಏನು ಹೇಳಿ ಕಳಿಸಿದೆನೋ ನೆನಪಿಲ್ಲ. ಅವಳು ಹೋದ ಮೇಲೆ ಕೈಯಲ್ಲಿದ್ದ ಕೆಲಸವನ್ನು ಕೆಳಗಿಟ್ಟೆ. ಮಲಗಿಸಿ ಟ್ರಿಗರ್ ಜಗ್ಗಿದ್ದು ವೀರೇಶ. ಮಲಗಿಸಿ ಟ್ರಿಗರ್ ಜಗ್ಗಿದ್ದು ನಾನು ಕೂಡ. ಆದರೆ ಎಬ್ಬಿಸಿ ನೋಡಿದ್ದು ದುರುಗಣ್ಣ ಒಬ್ಬನೇ. ನಾನು ಎಬ್ಬಿಸಲಿಲ್ಲ, ಯಾಕೆಂದರೆ ನಮ್ಮ ಅಂಗಡಿಯಲ್ಲಿ ಎಬ್ಬಿಸುವ ಪದ್ಧತಿ ಇಲ್ಲ.

ಏಪ್ರಿಲ್ 2, ಮಂಗಳವಾರ

ಬಿಸಿಲು. ಗ್ಯಾಸ್ ನೋಡಿದೆ, ನಲ್ಲಿ ನೋಡಿದೆ, ಮತ್ತೆ ಗ್ಯಾಸ್ ನೋಡಿದೆ. ಯಾರ ಮೇಲೋ ಸಿಟ್ಟು ಬರುತ್ತಿದೆ, ಯಾರ ಮೇಲೆ ಎಂದು ತಿಳಿಯದೆ ಬೆಕ್ಕನ್ನು ಬೈದೆ.

ಏಪ್ರಿಲ್ 4, ಗುರುವಾರ

ಸಿರುಗುಪ್ಪಕ್ಕೆ ಹೋಗಿ ಬಂದೆ. ಅಮ್ಮೀಯ ಅಡಕೊತ್ತನ್ನು ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ, ಹೋಲಿಸಿ ನೋಡಲು. ಗವಿಸಿದ್ದೇಶ್ ನನ್ನ ಕೈಯಲ್ಲಿ ಅಡಕೊತ್ತು ನೋಡಿ ಏನೂ ಕೇಳಲಿಲ್ಲ. ಹೆಂಗಸರ ಚೀಲದಲ್ಲಿ ಏನಿದ್ದರೂ ಕೇಳಬಾರದೆಂದು ಯಾರೋ ಕಲಿಸಿರಬೇಕು.

ಭೂತಗನ್ನಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟೆ. ಅದೇ ವಾಲು, ಅದೇ ಅಂತರ, ಗೀರು ಮುಗಿಯುವ ಕಡೆ ಅರವನ್ನು ಎತ್ತಿದ ಅದೇ ಸಣ್ಣ ಬಾಲ. ಬೋಲ್ಟ್ ಮುಚ್ಚಿ ಮಲಗಿಸಿದೆ. ಟ್ರಿಗರ್ ಜಗ್ಗಿದೆ. ಏನೂ ಇಲ್ಲ. ಆಮೇಲೆ ಕೈಯನ್ನು ಟ್ರಿಗರಿನಿಂದ ದೂರ ಇಟ್ಟು, ಬಿಸ್ಮಿಲ್ಲಾ ಎಂದು, ಕಿವಿಯನ್ನು ಎಡಕ್ಕೆ ಹೊರಳಿಸಿದೆ.

ಟಕ್ ಎಂದಿತು.

ಒಳಗೆ ಗುಂಡಿದ್ದರೆ ಎದುರಿನ ಗೋಡೆಗೆ ತೂತು ಬೀಳುತ್ತಿತ್ತು. ಬೋಲ್ಟ್ ಬಿಚ್ಚಿ ನೋಡಿದೆ. ಕಿವಿಯ ಒಳಅಂಚು ಸವೆದು ದುಂಡಗಾಗಿದೆ. ಕಬ್ಬಿಣಕ್ಕೆ ಹದ ಸಾಲದೆ ಮೆತ್ತಗೆ ಉಳಿದಿತ್ತು. ಮಲಗಿದ್ದಾಗ ಗುಂಡಿಗೆ ಹೊಡೆಯುವ ಸೂಜಿಯ ಬಾಲವನ್ನು ಹಿಂದಕ್ಕೆ ಎಳೆದು ಹಿಡಿಯಬೇಕಾದ ಅಂಚು ಅದು, ಈಗ ಕೂದಲೆಳೆಯಷ್ಟು ಮುಂದಕ್ಕೆ ಬಿಡುತ್ತದೆ. ಆ ಹೊತ್ತಿನಲ್ಲಿ ಟ್ರಿಗರ್ ಜಗ್ಗಿದರೆ ಸೂಜಿಯನ್ನು ತಡೆಯುವ ಕೆಳಗಿನ ಕೊಕ್ಕೆ ಜಾರಿಹೋಗುತ್ತದೆ, ಮತ್ತೆ ತನ್ನ ಜಾಗಕ್ಕೆ ಬಂದು ಕೂರುವುದಿಲ್ಲ. ಬಳಿಕ ಸೂಜಿಯನ್ನು ತಡೆದು ನಿಂತಿರುವುದು ಕಿವಿ ಒಂದೇ. ಕಿವಿ ತಿರುಗಿತೋ, ತಡೆಯಲು ಯಾರೂ ಇಲ್ಲ. ದುರುಗಣ್ಣ ಹೇಳಿದ್ದು ಅಕ್ಷರಕ್ಕಕ್ಷರ ನಿಜ.

ಗವಿಸಿದ್ದೇಶ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಏನದು ಸದ್ದು ಎಂದು ಕೇಳಿದರು. ಮೊದಲ ಕಾಗದದಲ್ಲಿ ತಪ್ಪಾಗಿದೆ, ಸೋಮವಾರ ಬಂದು ಪೂರ್ತಿ ಹೇಳುತ್ತೇನೆ ಎಂದೆ. ಇವತ್ತೇ ಹೇಳಬಹುದಿತ್ತು. ನಾಲ್ಕು ದಿನ ದುರುಗಣ್ಣ ಜೈಲಿನಲ್ಲಿ ಹೆಚ್ಚಿಗೆ ಕೂರಬೇಕು, ನನಗೆ ನಮ್ಮಪ್ಪನ ಮುಖ ನೋಡಲು ಧೈರ್ಯ ಬೇಕು ಅಂತ.

ಏಪ್ರಿಲ್ 6, ಶನಿವಾರ

ಖಲಂದರ್ ಬಂದಿದ್ದ. ಫೋನಿನಲ್ಲಿ ಹೇಳಿದ್ದೆ, ಅದಕ್ಕೇ ಓಡಿ ಬಂದ. ತಾರಸಿಯ ಮೇಲೆ ಕರೆದೊಯ್ದು ಮೆಲ್ಲಗೆ ಮಾತಾಡಿದ. ಕಿವಿ ಕೆಟ್ಟಿದೆ ಎಂದು ಹೇಳು, ಯಾರು ಮಾಡಿದರೆಂದು ಹೇಳುವುದು ಬೇಡ. ಹಳೇ ಬಂದೂಕು, ಯಾವನೋ ಊರ ಕಮ್ಮಾರ ಮಾಡಿರಬಹುದು ಎಂದರೆ ಸಾಕು. ಆ ಮನುಷ್ಯ ಬಿಡುಗಡೆಯಾಗುತ್ತಾನೆ, ನಿನ್ನ ಲೈಸೆನ್ಸೂ ಉಳಿಯುತ್ತದೆ, ಅಬ್ಬಾಗೂ ಗೊತ್ತಾಗುವುದಿಲ್ಲ.

ಒಳ್ಳೆಯ ಮಾತೇ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಎರಡೂ ಕಡೆ ಬೆಳಕು. ನಾನು ಹೂಂ ಎಂದೂ ಹೇಳಿದೆ. ಆದರೆ ಕೆಳಗೆ ಇಳಿಯುವಾಗ ಒಂದು ವಿಷಯ ತಲೆಗೆ ಬಂತು. ಆ ಕಾಲದಲ್ಲಿ ಅಬ್ಬಾ ಒಂದೇ ಕಿವಿ ಮಾಡಿದ್ದಲ್ಲ.

ಇಳಿದು ಬರುವಷ್ಟರಲ್ಲಿ ಅಮ್ಮೀ ತಮ್ಮ ಅಡಕೊತ್ತು ಎರಡು ದಿನದಿಂದ ಕಾಣುತ್ತಿಲ್ಲವೆಂದು ಮನೆಯನ್ನೇ ತಲೆಕೆಳಗೆ ಮಾಡಿದ್ದರು. ಚೀಲದಿಂದ ತೆಗೆದುಕೊಟ್ಟೆ. ಅದನ್ನು ಹೊತ್ತುಕೊಂಡು ಯಾವ ಊರಿಗೆ ಹೋಗಿದ್ದೆ, ಪೊಲೀಸರಿಗೆ ಅಡಿಕೆ ಕತ್ತರಿಸಿ ಕೊಡುತ್ತಿದ್ದೆಯಾ ಎಂದು ಒಂದೇ ಸಮ ಬೈದರು. ಮಂಚದ ಮೇಲೆ ಕೂತಿದ್ದ ಅಬ್ಬಾ ಅಡಕೊತ್ತನ್ನು ಈಸಿಕೊಂಡು ಅದರ ಹಿಡಿಯ ಮೇಲೆ ಹೆಬ್ಬೆರಳು ಆಡಿಸಿದರು. ಸೋಮವಾರ ಮತ್ತೆ ಸಿರುಗುಪ್ಪಕ್ಕೆ ಹೋಗುವುದಿದೆ ಎಂದಷ್ಟೇ ಅವರಿಗೆ ಹೇಳಿದ್ದೆ.

"ಸೋಮವಾರ ನಾನೂ ಬರ್ತೀನಿ," ಎಂದರು.

ಏಪ್ರಿಲ್ 8, ಸೋಮವಾರ

ಬಸ್ಸು ಬೇಡವೆಂದು ಖಲಂದರ್ ಕಾರು ಮಾಡಿದ. ಅಬ್ಬಾ ಬಿಳೀ ಜುಬ್ಬಾ ಹಾಕಿಕೊಂಡು, ಅತ್ತರ್ ಹಚ್ಚಿಕೊಂಡು, ಮದುವೆಗೆ ಹೊರಟವರ ಹಾಗೆ ತಯಾರಾದರು. ಮಾತ್ರೆ ತಗೊಳ್ಳಬೇಕಾದವರು, ರೋಜಾ ಬಿಡಿ ಎಂದರೆ ಕೇಳಲಿಲ್ಲ. ದಾರಿಯಲ್ಲಿ ತುಂಗಭದ್ರೆಯ ಕಾಲುವೆಯ ನೀರಿನ ವಾಸನೆ ಬಂದಾಗ, ಗದ್ದಿ ಕೊಯ್ಲಿಗೆ ಬಂದಾವೇನು ಎಂದು ಕೇಳಿದರು.

ಗವಿಸಿದ್ದೇಶ್ ಅಬ್ಬಾಗೆ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಸಾಕ್ಷಿಗೆ ಪಂಚರನ್ನು ಕರೆಸಿ, ಒಬ್ಬನ ಕಾಲಿಗೆ ಗುಂಡು ಬಿದ್ದು ಇನ್ನೊಬ್ಬ ಜೈಲಿನಲ್ಲಿರುವ ಕೇಸು ಎಂದು ತಿಳಿಸಿ, ಖಾಲಿ ರೈಫಲ್ಲನ್ನು ಮೇಜಿನ ಮೇಲೆ ಇರಿಸಿದರು. ಅಬ್ಬಾ ಎಡಗೈ ಚಾಚಿ ಬೋಲ್ಟ್ ಹುಡುಕಿ, ಅಲ್ಲಿಂದ ಕಿವಿಗೆ ಬಂದು, ಹೆಬ್ಬೆರಳು ಇಟ್ಟರು. ಅವರ ಮುಖ ಅರಳಿತು. ದೂರದ ಊರಿಗೆ ಕೊಟ್ಟ ಮಗಳು ಬಂದು ಕಾಲಿಗೆ ಎರಗಿದರೆ ಆಗುವಂಥ ಮುಖ.

"ನಂದು," ಎಂದರು. "ಬರಕೋರಿ ಸಾಹೇಬ್ರ. ಇದು ನನ್ನೇಸಾಬ ಮಾಡಿದ ಕಿವಿ."

ಸರಿಯಾಗಿ ಕೆಲಸ ಮಾಡುತ್ತದೆಯಾ ಎಂದು ಗವಿಸಿದ್ದೇಶ್ ಕೇಳಿದರು. ತಾನು ಮಾಡಿದ ಕಿವಿ ಎಂದೂ ಕೈಕೊಟ್ಟಿಲ್ಲ ಎಂದರು ಅಬ್ಬಾ. ಬೇಕಾದರೆ ತೋರಿಸುತ್ತೇನೆ ಎಂದು ತಾವೇ ಬೋಲ್ಟ್ ಮುಚ್ಚಿ, ಕಿವಿಯನ್ನು ಬಲಕ್ಕೆ ಮಲಗಿಸಿ, ಟ್ರಿಗರ್ ಜಗ್ಗಿದರು. ಏನೂ ಆಗಲಿಲ್ಲ. ನೋಡಿದಿರಾ ಎಂಬಂತೆ ನಕ್ಕರು. ಆ ನಗುವನ್ನು ನಾನು ಸಾಯುವತನಕ ಮರೆಯುವುದಿಲ್ಲ. ಅಲ್ಲಿಂದ ಎದ್ದು ಓಡಿಹೋಗೋಣ ಅನ್ನಿಸಿತು.

"ಅಬ್ಬಾ, ಈಗ ಎಬ್ಬಿಸ್ರಿ," ಎಂದೆ.

"ಮಲಗಿಸಿದ್ದನ್ನ ನಾವು ಎಬ್ಬಸಂಗಿಲ್ಲ. ಮರತಿಯೇನು?"

"ಮರತಿಲ್ಲ. ಎಬ್ಬಿಸ್ರಿ."

ನನ್ನ ದನಿಯಲ್ಲಿ ಏನಿತ್ತೋ. ನಗು ಇಳಿಯಿತು. ಟ್ರಿಗರಿನಿಂದ ಬೆರಳು ತೆಗೆದು ಕಿವಿಯನ್ನು ಎಡಕ್ಕೆ ಹೊರಳಿಸಿದರು. ಟಕ್.

ಅಬ್ಬಾಗೆ ಕಣ್ಣು ಕಾಣದಿದ್ದರೂ ಆ ಸದ್ದು ಯಾವುದೆಂದು ಯಾರೂ ಹೇಳಬೇಕಾಗಿರಲಿಲ್ಲ. ಮತ್ತೆ ಬೋಲ್ಟ್ ಎಳೆದು ಮುಚ್ಚಿದರು, ಮಲಗಿಸಿದರು, ಜಗ್ಗಿದರು, ಎಬ್ಬಿಸಿದರು. ಟಕ್. ಇನ್ನೊಮ್ಮೆ ಮಾಡಲು ಹೋಗಿ ಕೈ ನಿಂತಿತು. ಖಲಂದರ್ ಬಾಗಿಲ ಕಡೆ ತಿರುಗಿಕೊಂಡ.

"ಯಾರ ಕಾಲು?" ಎಂದು ಅಬ್ಬಾ ಕೇಳಿದರು.

ವೀರೇಶ ಅಂತ, ಧಣಿಯ ತಮ್ಮನ ಮಗ ಎಂದೆ.

"ಒಳಗ ಯಾರದಾರ?"

"ದುರುಗಣ್ಣ."

ಎರಡೂ ಹೆಸರನ್ನು ಒಮ್ಮೊಮ್ಮೆ ತಾವೇ ಹೇಳಿಕೊಂಡರು, ಬಾಯಿಪಾಠ ಮಾಡುವವರ ಹಾಗೆ. ಆಮೇಲೆ ಗವಿಸಿದ್ದೇಶ್ ಇದ್ದ ಕಡೆ ಮುಖ ಮಾಡಿ, ಮಗಳ ಕಾಗದದಲ್ಲಿ ತಪ್ಪಿದ್ದರೆ ಅದು ನಾನು ಕಲಿಸಿದ ತಪ್ಪು, ಹಾಗಂತಲೂ ಬರೆದುಕೊಳ್ಳಿ ಎಂದರು. ನಾನು ಬೇಡವೆಂದೆ. ನನ್ನ ತಪ್ಪನ್ನು ನಾನೇ ನನ್ನ ಹೆಸರಿನಲ್ಲಿ ಬರೆದೆ. ಬರೆಯುವಾಗ ಅಳು ಬಂತು, ಠಾಣೆಯಲ್ಲಿ ಅಳಬಾರದೆಂದು 'ಮಾರ್ಪಡಿಸಿದ' ಎನ್ನುವ ಶಬ್ದದಲ್ಲಿ ರ ಬರಬೇಕೋ ಅರ್ಕಾವತ್ತು ಬರಬೇಕೋ ಎಂದು ಗವಿಸಿದ್ದೇಶರನ್ನು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ.

ಬರುವಾಗ ಕಾರಿನಲ್ಲಿ ಅಬ್ಬಾ ನನ್ನ ಕೈ ಹಿಡಿದುಕೊಂಡು ಕೂತಿದ್ದರು. ಸಣ್ಣವಳಿದ್ದಾಗ ಅರ ಹಿಡಿಯಲು ಕಲಿಸುವಾಗ ಹಿಡಿದದ್ದೇ ಕೊನೆ ಇರಬೇಕು.

ಏಪ್ರಿಲ್ 11, ಗುರುವಾರ, ಈದ್

ಅಬ್ಬಾ ನಮಾಜಿಗೆ ಹೋಗಿ ಬಂದರು.  ಅಮ್ಮೀ ಹಬ್ಬದ ಶಾವಿಗೆಯ ಸುರಕುಂಬಾ ಮುಂದಿಟ್ಟರೆ ವೀರೇಶನಿಗೆ ಕಾಲು ಸರಿಯಾಗುತ್ತದಂತಾ ಎಂದು ಕೇಳಿದರು. ಕೋಲು ಹಿಡಿದು ನಡೆಯುತ್ತಾನಂತೆ ಎಂದೆ. ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಅಮ್ಮೀ ಜೀವನದಲ್ಲಿ ಮೊದಲ ಬಾರಿಗೆ ಯಾರನ್ನೂ ಬೈಯಲಿಲ್ಲ.

ಏಪ್ರಿಲ್ 16, ಮಂಗಳವಾರ

ಲ್ಯಾಬಿನ ವರದಿ ಬರುವತನಕ ಅಂಗಡಿ ತೆರೆಯಬಾರದೆಂದು ಆದೇಶ ಬಂದಿದೆ. ಓದಿ ಮಡಿಚಿ ಇಟ್ಟು ಬದನೆಕಾಯಿ ಹೆಚ್ಚಿದೆ. ಇಂಥದ್ದೊಂದು ಬಂದರೆ ಎದೆ ಒಡೆದುಕೊಳ್ಳುತ್ತೇನೆ ಎಂದುಕೊಂಡಿದ್ದೆ. ಸುನಂದಾ ಫೋನ್ ಮಾಡಿದ್ದಳು, ಬೇಲು ಸಿಕ್ಕಿತಂತೆ. ಅವಳೊಡನೆ ಬಹಳ ಹೊತ್ತು ಮಾತಾಡಿದೆ. ಹೆಚ್ಚಿನದೆಲ್ಲ ಮಕ್ಕಳಿಗೆ ಸಾಂಬಾರಿನಲ್ಲಿ ಎಷ್ಟು ಕಾರ ಹಾಕಬೇಕೆಂಬ ಮಾತೇ.

ಏಪ್ರಿಲ್ 20, ಶನಿವಾರ

ನಿನ್ನೆ ಗ್ಯಾಸ್ ಬಂದ್ ಮಾಡದೆ ಮಲಗಿದ್ದೆನಂತೆ, ಅಮ್ಮೀ ಎದ್ದು ಬಂದ್ ಮಾಡಿದರಂತೆ. ಬೆಳಿಗ್ಗೆಯಿಂದ ಅದೇ ಬೈಗುಳ. ಇರಬಹುದು, ನನಗೆ ನೆನಪಿಲ್ಲ.

ಇವತ್ತು ಅಂಗಡಿಯ ಮುಂದೆ ಖಲಂದರ್ ಸ್ಟೂಲಿನ ಮೇಲೆ ಹತ್ತಿ ಬೋರ್ಡಿನ ಸ್ಕ್ರೂ ಬಿಚ್ಚುತ್ತಿದ್ದ. ಮುಚ್ಚಿದ ಅಂಗಡಿಯ ಮೇಲೆ ಅಪ್ಪನ ಹೆಸರು ನೇತಾಡುವುದು ಬೇಡ, ಹೋಗಿ ಬರುವವರೆಲ್ಲ ಬೊಟ್ಟು ಮಾಡುತ್ತಾರೆ ಎಂದು ಅವನ ವಾದ. ನಾನೂ ಬೇಡವೆನ್ನಲಿಲ್ಲ, ಕೆಳಗೆ ನಿಂತು ಸ್ಟೂಲು ಹಿಡಿದಿದ್ದೆ. ಇಷ್ಟು ವರ್ಷ 'ಅಂಡ್ ಸನ್' ನೋಡಿ ಹೊಟ್ಟೆ ಉರಿಸಿಕೊಂಡವಳು, ಸನ್ ತನ್ನ ಕೈಯಾರೆ ಇಳಿಸುತ್ತಿರುವಾಗ ಸಂತೋಷ ಪಡಬೇಕಿತ್ತು. ಆಗಲಿಲ್ಲ.

ಅಬ್ಬಾ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರು. ಆಗ ಸುನಂದಾ ಬಂದಳು, ಹಿಂದೆ ಅವಳಪ್ಪ. ದುರುಗಣ್ಣನವರನ್ನು ನಾನು ನೋಡಿದ್ದು ಇದೇ ಮೊದಲು. ತೆಳ್ಳಗಿನ ಮೈ, ಗಡ್ಡ ಹೆರೆಸಿ ಕೆನ್ನೆ ಹಸಿರಾಗಿತ್ತು, ಅಬ್ಬಾಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ಕೈಯಲ್ಲಿ ಒಂದು ಕಲ್ಲಂಗಡಿ. ಅದನ್ನು ನನ್ನ ಕೈಗೆ ಕೊಟ್ಟು ಅಬ್ಬಾರ ಪಕ್ಕದಲ್ಲಿ ಕೂತರು. ಯಾರು ಬಂದಿದ್ದಾರೆಂದು ನಾನು ಹೇಳಿದೆ. ಅಬ್ಬಾ ಎದ್ದು ನಿಲ್ಲಲು ಹೋದರು, ದುರುಗಣ್ಣನವರು ಭುಜ ಹಿಡಿದು ಕೂರಿಸಿದರು. ಮಾಫಿ ಕೇಳಬೇಕೆಂದು ಅಬ್ಬಾ ಬಾಯಿ ತೆರೆದರು. ದುರುಗಣ್ಣನವರು ಅದಕ್ಕೆ ಕಾಯಲಿಲ್ಲ. ಅವರ ತಲೆಯಲ್ಲಿ ಬೇರೆಯದೇ ಇತ್ತು.

"ಸಾಹೇಬ್ರ, ಒಳಗ ಕುಂತಾಗ ನಿಮ್ಮ ಹೊಸ ಕಾಗದದ ಸುದ್ದಿ ಕೇಳಿ ಒಂದು ನೆನಪಾತ್ರಿ. ಕುರುಗೋಡಿನಾಗ ಮೊದಲ ನಾ ಇದ್ದ ಧಣಿ ಮನ್ಯಾಗ ಇನ್ನೊಂದು ಬಂದೂಕು ಐತಿ. ಅದರ ಕಿವಿ ಮ್ಯಾಲೂ ಹಿಂಗ ಎಡಕ್ಕ ವಾಲಿದ ಗೀರು ಅದಾವ."

ಅಬ್ಬಾ ಅವರ ಕೈ ಹಿಡಿದುಕೊಂಡರು. ಎಷ್ಟು ಕಿವಿ ಮಾಡಿದೆನೋ ಲೆಕ್ಕ ಇಟ್ಟಿಲ್ಲ ಎಂದರು. ಯಾವ ಊರು, ಯಾರ ಮನೆ, ಒಂದೂ ಗೊತ್ತಿಲ್ಲ. ಚುನಾವಣೆಗೆಂದು ಎಲ್ಲ ಬಂದೂಕುಗಳೂ ಈಗ ಆಯಾ ಠಾಣೆಗಳಲ್ಲಿ ಮಲಗಿವೆ. ಮತ ಎಣಿಸಿದ ಮೇಲೆ ಧಣಿಗಳು ಮನೆಗೆ ಒಯ್ಯುತ್ತಾರೆ, ಒಯ್ದು ತಾವೇ ಎಬ್ಬಿಸುತ್ತಾರೆ. ನಾವೇ ಕಲಿಸಿದ ಪದ್ಧತಿ. ಗವಿಸಿದ್ದೇಶರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವರ ಠಾಣೆಯಲ್ಲಿರುವುದನ್ನು ಅವರ ಕಣ್ಣೆದುರಿಗೆ ನೋಡಬಹುದು, ಉಳಿದ ಠಾಣೆಗಳಿಗೆ ಮೇಲಿನವರನ್ನು ಕೇಳುತ್ತೇನೆ ಎಂದರು. ಅಬ್ಬಾ ಬೆರಳಿನಿಂದ ಗುರುತು ಹಿಡಿಯಲಿ, ಎಬ್ಬಿಸುವ ಕೆಲಸ ನನ್ನದು ಎಂದೆ. ಕುರುಗೋಡಿನದನ್ನು ತಾವೇ ತೋರಿಸುವುದಾಗಿ ದುರುಗಣ್ಣನವರು ಹೇಳಿದರು.

ಮೇಲೆ ಸ್ಕ್ರೂ ಕಿರ್ ಎಂದಿತು. ಏನು ಸದ್ದು ಎಂದು ಅಬ್ಬಾ ಕೇಳಿದರು. ಬೋರ್ಡು ಇಳಿಸುತ್ತಿರುವ ವಿಷಯವನ್ನು ಖಲಂದರ್ ಅವರಿಗೆ ಹೇಳಿಯೇ ಇರಲಿಲ್ಲ. ಜನ ಏನಾದರೂ ಅನ್ನುತ್ತಾರೆ, ನಿಮ್ಮ ಹೆಸರು ಅಲ್ಲಿ ಬೇಡ ಎಂದು ಸ್ಟೂಲಿನ ಮೇಲಿಂದಲೇ ಮೆಲ್ಲಗೆ ಅಂದ.

"ಲೇ ಖಲಂದರ್, ಇಳಿ ಕೆಳಗ," ಎಂದರು ಅಬ್ಬಾ. "ಬೋರ್ಡು ಇರಲಿ. ನನ್ನ ಕಿವಿ ಇಟಗೊಂಡೋರು ಹುಡಿಕ್ಯಾಡಿಕೋಂತ ಬಂದ್ರ, ಎಲ್ಲಿಗೆ ಬರಬೇಕು?"